ತಜ್ಞರ ಉತ್ತರ: ಆಡಲು ಬಂದವನಿಗೆ ಮನೆ ಹುಡುಕುವುದೇ ದೊಡ್ಡ ಪಂದ್ಯವಾಗಿದೆ

ಪ್ರಶ್ನೆ: ನಾನು ಟೇಬಲ್ ಟೆನಿಸ್ ಆಟಗಾರ, ವಯಸ್ಸು 22. ಜರ್ಮನಿಯ ಕ್ಲಬ್ ಒಂದರ ಜತೆ ಒಂದು ಸೀಸನ್ನಿಗೆ, ಅಂದರೆ ಮುಂದಿನ ಜೂನ್ ಕೊನೆಯವರೆಗೆ ಒಪ್ಪಂದವಾಗಿದೆ. ಡ್ಯೂಸೆಲ್ಡಾರ್ಫ್‌ಗೆ ಬಂದು ಆರು ವಾರವಾಯಿತು. ಕ್ಲಬ್ಬಿನವರು ಕೊಟ್ಟ ಗೆಸ್ಟ್‌ಹೌಸ್ ರೂಮು ಈ ತಿಂಗಳ ಕೊನೆಗೆ ಮುಗಿಯುತ್ತದೆ. ದಿನಕ್ಕೆ ಎರಡು ಹೊತ್ತು ಪ್ರಾಕ್ಟೀಸ್, ನಡುವೆ ಮನೆ ನೋಡುವ ಓಡಾಟ. ನಲವತ್ತಕ್ಕೂ ಹೆಚ್ಚು ಮೆಸೇಜ್ ಕಳಿಸಿದ್ದೇನೆ. ನೋಡಲು ಕರೆದದ್ದು ಮೂರು ಕಡೆ, ಮೂರೂ ಕೈತಪ್ಪಿದವು. ಈಗ ಉಳಿದಿರುವುದು ಇಷ್ಟು. ಒಂದು, ಪ್ರಾಕ್ಟೀಸ್ ಹಾಲ್‌ನಿಂದ ಹದಿನೈದು ನಿಮಿಷದ ನಡಿಗೆಯಲ್ಲಿ ಪೀಠೋಪಕರಣ ಸಮೇತ ಒಂದೇ ಕೋಣೆಯ ಸಣ್ಣ ಮನೆ, ಬಾಡಿಗೆ ಜಾಸ್ತಿ. ಎರಡು, ಊರಾಚೆ ರೈಲಿನಲ್ಲಿ 50 ನಿಮಿಷ ದೂರದ ಎರಡು ಕೋಣೆಯ ಚೆಂದದ ಮನೆ, ಬಾಡಿಗೆ ಕಡಿಮೆ, ಆದರೆ ಕನಿಷ್ಠ ಎರಡು ವರ್ಷ ಇರಬೇಕಂತೆ, ಅಡುಗೆಮನೆಯಲ್ಲಿ ಏನೂ ಇಲ್ಲ. ಮೂರು, ನೆಟ್‌ನಲ್ಲಿ ಸಿಕ್ಕ ಮನೆ. ಮಾಲೀಕರು ಬೇರೆ ದೇಶದಲ್ಲಿದ್ದಾರೆ, ಮುಂಗಡ ಕಳಿಸಿದರೆ ಕೀ ಕೊರಿಯರ್ ಮಾಡುತ್ತಾರಂತೆ. ಕಳೆದ ನಾಲ್ಕು ಪಂದ್ಯಗಳಲ್ಲಿ ಮೂರು ಸೋತೆ. ನಿದ್ದೆ ಸರಿಯಿಲ್ಲ. ಡಿಸೆಂಬರ್‌ನಲ್ಲಿ ಅಮ್ಮ ಎರಡು ವಾರ ಬಂದಿರುತ್ತೇನೆ ಅನ್ನುತ್ತಿದ್ದಾರೆ, ಸಣ್ಣ ಮನೆಯಲ್ಲಿ ಎಲ್ಲಿ ಇರಿಸಿಕೊಳ್ಳಲಿ? ಯಾವುದನ್ನು ಹಿಡಿಯಲಿ?

ಉತ್ತರ: ಮೂರನೆಯದನ್ನು ಈ ಸಾಲು ಓದಿದ ತಕ್ಷಣ ಬಿಟ್ಟುಬಿಡಿ. ಅಲ್ಲಿ ಮನೆಯೇ ಇಲ್ಲ. ವಿದೇಶದಲ್ಲಿರುವ ಮಾಲೀಕ, ಕೊರಿಯರ್‌ನಲ್ಲಿ ಬರುವ ಕೀ, ಸುತ್ತಲಿನ ಬಾಡಿಗೆಗಿಂತ ಮೂರನೇ ಒಂದು ಪಾಲು ಕಡಿಮೆ ದರ, ಫೋಟೊದಲ್ಲಿ ಹೋಟೆಲ್ಲಿನಂತೆ ಹೊಳೆಯುವ ಕೋಣೆ: ಜರ್ಮನಿಯ ಮನೆ ಜಾಹೀರಾತಿನ ತಾಣಗಳಲ್ಲಿ ಈ ಕತೆ ವರ್ಷಗಳಿಂದ ಓಡುತ್ತಿದೆ, ಮಾಲೀಕನ ಹೆಸರು ಮಾತ್ರ ಬದಲಾಗುತ್ತದೆ. ಒಳಗೆ ಕಾಲಿಟ್ಟು ನೋಡದ ಮನೆಗೆ ಒಂದು ಯೂರೊ ಕೂಡ ಕಳಿಸಬೇಡಿ. ಪಾಸ್‌ಪೋರ್ಟಿನ ಪ್ರತಿ ಕಳಿಸಿದ್ದೀರಾ? ನೀವು ಬರೆದಿಲ್ಲ, ಆದರೆ ನನಗೆ ಅನುಮಾನ. ಕಳಿಸಿದ್ದರೆ ಕ್ಲಬ್ಬಿನವರಿಗೆ ಇವತ್ತೇ ಹೇಳಿ, ಅವರ ಜತೆ ಪೊಲೀಸರಿಗೆ ಒಂದು ದೂರು ಕೊಟ್ಟಿಡಿ. ನಿಮ್ಮ ದಾಖಲೆ ತೋರಿಸಿ ನಾಳೆ ಇನ್ನೊಬ್ಬರಿಗೆ ಟೋಪಿ ಹಾಕಿದರೆ ಆ ದೂರು ನಿಮ್ಮ ಕೈಯಲ್ಲಿರಬೇಕು. ಮುಂದೆ ಯಾರಿಗಾದರೂ ಪ್ರತಿ ಕೊಡುವಾಗ ಅದರ ಮೇಲೆ ಅಡ್ಡಲಾಗಿ, ಯಾವ ಮನೆಗಾಗಿ, ಯಾವ ದಿನ ಕೊಟ್ಟದ್ದು ಎಂದು ಬರೆದೇ ಕೊಡಿ.

ಇನ್ನುಳಿದ ಎರಡರಲ್ಲಿ ನನ್ನ ಮತ ಹತ್ತಿರದ ಸಣ್ಣ ಮನೆಗೆ. ಬಾಡಿಗೆ ಜಾಸ್ತಿಯಾದರೂ ಅದಕ್ಕೇ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎರಡನೆಯ ಮನೆಯ ಚೆಂದ ನಿಮ್ಮ ಕಣ್ಣಿಗೆ ಕಟ್ಟಿರುವುದು ಪ್ರಶ್ನೆಯಲ್ಲೇ ಕಾಣುತ್ತಿದೆ.

ನೀವು ದಿನಕ್ಕೆ ಎರಡು ಹೊತ್ತು ಆಡುತ್ತೀರಿ. 50 ನಿಮಿಷದ ದೂರ ಎಂದರೆ ಬೆಳಿಗ್ಗೆ ಹೋಗುವುದು, ಮಧ್ಯಾಹ್ನ ಬರುವುದು, ಮತ್ತೆ ಹೋಗುವುದು, ರಾತ್ರಿ ಬರುವುದು, ಒಟ್ಟು 200 ನಿಮಿಷ. ವಾರದಲ್ಲಿ ಐದು ದಿನ ಹಿಡಿದರೆ 16 ಗಂಟೆ 40 ನಿಮಿಷ ರೈಲಿನಲ್ಲಿ. ಅಷ್ಟು ಓಡಾಡಲಾಗದೆ ಮಧ್ಯಾಹ್ನ ಹಾಲ್‌ನಲ್ಲೇ ಉಳಿಯುತ್ತೀರಿ. ಹಾಗೆ ಹಾಲ್‌ನಲ್ಲೇ ಉಳಿದವರೆಲ್ಲ ಏನು ಮಾಡುತ್ತಾರೆ ಅಂತ ನನಗೆ ಗೊತ್ತು: ಬೆಂಚಿನ ಮೇಲೆ ಬ್ಯಾಗನ್ನೇ ದಿಂಬು ಮಾಡಿಕೊಂಡು ಫೋನ್ ನೋಡುತ್ತ ಮಲಗುತ್ತಾರೆ, ಊಟಕ್ಕೆ ಪಕ್ಕದ ಬೇಕರಿಯ ಬ್ರೆಡ್ಡು. ಮೂರು ವಾರ ಇದು ಸಾಹಸದ ಹಾಗೆ ಇರುತ್ತದೆ. ಆರನೇ ವಾರಕ್ಕೆ ಸಂಜೆಯ ಪ್ರಾಕ್ಟೀಸಿನಲ್ಲಿ ಕಾಲು ಏಳುವುದಿಲ್ಲ, ಕೋಚ್ ಮುಖ ಸಿಂಡರಿಸುತ್ತಾರೆ, ಮನೆಗೂ ಆಟಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಎರಡು ಪ್ರಾಕ್ಟೀಸ್‌ಗಳ ನಡುವೆ ನಿಮ್ಮದೇ ಹಾಸಿಗೆಯಲ್ಲಿ ಮಲಗುವ ಒಂದು ಗಂಟೆ ಇದೆಯಲ್ಲ, ನೀವು ಹೆಚ್ಚಿಗೆ ಬಾಡಿಗೆ ತೆರುವುದು ಅದಕ್ಕೆ. ಕೋಣೆಯ ಅಳತೆಗೆ ಅಲ್ಲ.

ಹೊರ ಊರಿನ ಪಂದ್ಯಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಓಕ್ಸೆನ್‌ಹೌಸೆನ್‌ಗೋ ಬ್ರೆಮೆನ್‌ಗೋ ಹೋಗಿ ಆಡಿ ತಂಡದ ವ್ಯಾನು ನಿಮ್ಮನ್ನು ಹಾಲ್ ಮುಂದೆ ಇಳಿಸುವಾಗ ನಡುರಾತ್ರಿ ದಾಟಿರುತ್ತದೆ. ಹದಿನೈದು ನಿಮಿಷ ನಡೆದರೆ ಮನೆ ಇದ್ದವನು ಒಂದು ಗಂಟೆಗೆ ಮಲಗುತ್ತಾನೆ. ಊರಾಚೆಯವನು ಕೊನೆಯ ರೈಲು ತಪ್ಪಿಸಿಕೊಂಡು ಸಹ ಆಟಗಾರನ ಸೋಫಾ ಕೇಳುತ್ತಾನೆ. ದೇಶದ ಪ್ರಾದೇಶಿಕ ರೈಲು, ಟ್ರಾಮ್, ಬಸ್ಸುಗಳಿಗೆಲ್ಲ ನಡೆಯುವ ಮಾಸಿಕ ಡಾಯ್ಚ್‌ಲಾಂಡ್ ಟಿಕೆಟ್ 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾಯಿತು, 2025ರಲ್ಲಿ 58 ಆಯಿತು. ದರ ಏರಿದರೂ ಅನುಕೂಲದ್ದೇ. ಆದರೆ ಟಿಕೆಟ್ ಅಗ್ಗ ಅಂದ ಮಾತ್ರಕ್ಕೆ ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ ಅಂದುಕೊಳ್ಳಬೇಡಿ. ಜರ್ಮನ್ನರೇ ತಮ್ಮ ರೈಲುಗಳ ಬಗ್ಗೆ ಏನೆನ್ನುತ್ತಾರೆಂದು ತಂಡದ ಯಾರನ್ನಾದರೂ ಕೇಳಿ ನೋಡಿ.

ಜರ್ಮನಿಯ ಹೆಸರಾಂತ ಟೇಬಲ್ ಟೆನಿಸ್ ಆಟಗಾರ ಟಿಮೊ ಬಾಲ್ ಕತೆ ನಿಮಗೆ ಗೊತ್ತಿರಬಹುದು. ಹುಡುಗನಾಗಿದ್ದಾಗ ಅವರನ್ನು ಸೇರಿಸಿಕೊಳ್ಳಲು ಬಯಸಿದ ಗ್ಯೊನರ್ನ್ ಕ್ಲಬ್, ಅವರು ಊರು ಬಿಡಬೇಕಾಗದಂತೆ ತಂಡದ ತರಬೇತಿಯನ್ನೇ ಅವರ ಮನೆಯಿದ್ದ ಹ್ಯೋಕ್ಸ್ಟ್ ಎಂಬ ಸಣ್ಣ ಊರಿಗೆ ಒಯ್ದಿತು. ಆಟಗಾರನ ಮನೆ ಎಲ್ಲಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆ ಭಾಗ್ಯ ನಮಗ್ಯಾರಿಗೂ ಸಿಗುವಂಥದ್ದಲ್ಲ, ಹಾಗಾಗಿ ನಾವೇ ಹಾಲ್ ಹತ್ತಿರ ಹೋಗಬೇಕು.

ಈಗ ಎರಡನೆಯ ಮನೆಯ ಇನ್ನೊಂದು ತೊಡಕು. ಜರ್ಮನಿಯಲ್ಲಿ ಅವಧಿ ನಮೂದಿಸದ ಸಾಮಾನ್ಯ ಬಾಡಿಗೆ ಕರಾರನ್ನು ಬಾಡಿಗೆದಾರ ಮೂರು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಮುಗಿಸಬಹುದು. ತಿಂಗಳ ಮೂರನೇ ಕೆಲಸದ ದಿನದೊಳಗೆ ನೋಟಿಸ್ ತಲುಪಿದರೆ ಆ ತಿಂಗಳೂ ಲೆಕ್ಕಕ್ಕೆ ಸೇರುತ್ತದೆ. ಇಮೇಲ್ ಸಾಲದು, ಕಾಗದದ ಮೇಲೆ ನಿಮ್ಮ ಸಹಿ ಇರಬೇಕು. ಆದರೆ ಇಷ್ಟು ಕಾಲ ಇಬ್ಬರೂ ನೋಟಿಸ್ ಕೊಡುವಂತಿಲ್ಲ ಎಂಬ ಷರತ್ತನ್ನು ಕರಾರಿನಲ್ಲಿ ಸೇರಿಸಲು ಕಾನೂನಿನಲ್ಲಿ ಅವಕಾಶವಿದೆ. ನಿಮಗೆ ಹೇಳಿದ ಎರಡು ವರ್ಷ ಅದೇ. ನಿಮ್ಮ ಆಟದ ಒಪ್ಪಂದ ಜೂನ್‌ಗೆ ಮುಗಿಯುತ್ತದೆ. ಮುಂದಿನ ಸೀಸನ್ ಬ್ರೆಮೆನ್‌ನಿಂದ ಕರೆ ಬಂತು ಅಂತಿಟ್ಟುಕೊಳ್ಳಿ, ಅಥವಾ ಫ್ರಾನ್ಸ್‌ನಿಂದ. ಖಾಲಿ ಮನೆಗೆ ಇನ್ನೊಂದು ವರ್ಷಕ್ಕೂ ಮಿಕ್ಕಿ ಬಾಡಿಗೆ ಕಟ್ಟುತ್ತೀರಿ. ಬದಲಿಗೆ ಬರುವ ಮೂವರನ್ನು ತೋರಿಸಿದರೆ ಮಾಲೀಕರು ಬಿಡಲೇಬೇಕು ಅಂತ ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. ಅದು ಜರ್ಮನ್ನರೇ ನಂಬಿಕೊಂಡು ಬಂದಿರುವ ಕಟ್ಟುಕತೆ, ಕಾನೂನಿನಲ್ಲಿ ಹಾಗೇನೂ ಇಲ್ಲ.

ಅಡುಗೆಮನೆ ಖಾಲಿ ಅಂದಿರಲ್ಲ, ಅದನ್ನು ಹೊಸಬರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಇಲ್ಲಿ ಖಾಲಿ ಎಂದರೆ ನಿಜಕ್ಕೂ ಖಾಲಿ. ಸಿಂಕ್ ಇಲ್ಲ, ಒಲೆ ಇಲ್ಲ, ಕಪಾಟಿಲ್ಲ, ಗೋಡೆಯಿಂದ ಎರಡು ಪೈಪು ಮತ್ತು ಒಂದು ದಪ್ಪ ವೈರು ಹೊರಗೆ ಚಾಚಿಕೊಂಡಿರುತ್ತವೆ. ದೀಪಗಳನ್ನೂ ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ಎಲ್ಲ ಹೊಂದಿಸಿಕೊಳ್ಳುವಷ್ಟರಲ್ಲಿ ಸೀಸನ್ನಿನ ಮೊದಲರ್ಧ ಮುಗಿದಿರುತ್ತದೆ. ಜಾಹೀರಾತಿನಲ್ಲಿ ಇಬೇಕಾ (EBK) ಎಂಬ ಮೂರಕ್ಷರ ಕಂಡರೆ ಜೋಡಿಸಿದ ಅಡುಗೆಮನೆ ಇದೆ ಎಂದರ್ಥ. ಹಾಗೆಯೇ, ಎರಡು ಕೋಣೆಯ ಮನೆ ಎಂದರೆ ಹಜಾರ ಒಂದು, ಮಲಗುವ ಕೋಣೆ ಒಂದು. ಅಡುಗೆಮನೆ, ಬಚ್ಚಲು ಆ ಲೆಕ್ಕದಲ್ಲಿ ಬರುವುದಿಲ್ಲ.

ಸಣ್ಣ ಮನೆಗೆ ಹೂಂ ಅನ್ನುವ ಮೊದಲು ಮಾಲೀಕರನ್ನು ಒಂದೇ ಒಂದು ಪ್ರಶ್ನೆ ಕೇಳಿ: ಅನ್‌ಮೆಲ್ಡುಂಗ್ ಮಾಡಿಸಿಕೊಳ್ಳಬಹುದಾ? ಇದು ವಿಳಾಸದ ನೋಂದಣಿ. ಮನೆಗೆ ಬಂದು ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ಮಾಡಿಸಬೇಕು, ಅದಕ್ಕೆ ಇವರು ನಮ್ಮಲ್ಲಿ ಇದ್ದಾರೆ ಎಂದು ಮಾಲೀಕರು ಸಹಿ ಮಾಡಿದ ಪತ್ರ ಬೇಕು. ಪೀಠೋಪಕರಣ ಸಮೇತದ ತಾತ್ಕಾಲಿಕ ಮನೆಗಳ ಕೆಲವು ಮಾಲೀಕರು ಈ ಪತ್ರ ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಹಾಗಾದರೆ ಆ ಮನೆ ಹಾಲ್ ಮೇಲಿನ ಅಟ್ಟದಲ್ಲೇ ಇದ್ದರೂ ಬೇಡ. ನೋಂದಣಿಯಾದ ಮೇಲೆ ನಿಮ್ಮ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದು ಇಲ್ಲದಿದ್ದರೆ ಕ್ಲಬ್ಬಿನ ಲೆಕ್ಕಿಗರು ನಿಮ್ಮ ಸಂಬಳಕ್ಕೆ ಅತಿ ಹೆಚ್ಚು ಕಡಿತದ ಆರನೇ ತೆರಿಗೆ ವರ್ಗ ಹಾಕಬೇಕಾಗಬಹುದು. ಹೆಚ್ಚಿಗೆ ಕಡಿತವಾದದ್ದು ಆಮೇಲೆ ಸರಿಹೋಗುತ್ತದೆ, ಆದರೆ ಆ ತಿಂಗಳ ಬಾಡಿಗೆ ಆ ತಿಂಗಳೇ ಕಟ್ಟಬೇಕಲ್ಲ. ವೀಸಾವನ್ನು ಇಲ್ಲಿನ ವಾಸದ ಪರವಾನಗಿಯಾಗಿ ಬದಲಾಯಿಸಿಕೊಳ್ಳುವುದಕ್ಕೂ ಇದೇ ವಿಳಾಸ ಬೇಕು. ಆರು ವಾರ ಗೆಸ್ಟ್‌ಹೌಸಿನಲ್ಲಿದ್ದೀರಿ, ಇವೆಲ್ಲ ನಿಂತೇ ಇವೆ ಎಂದು ನನ್ನ ಊಹೆ. ವೀಸಾದ ಕೊನೆಯ ದಿನಾಂಕ ಒಮ್ಮೆ ತೆಗೆದು ನೋಡಿ.

ವಿಳಾಸದ ವಿಷಯದಲ್ಲಿ ಉಳಿದವರಿಗಿಲ್ಲದ ಒಂದು ಹೊಣೆ ನಿಮಗಿರಬಹುದು. ಉದ್ದೀಪನ ಮದ್ದು ಪರೀಕ್ಷೆಯ ನೋಂದಾಯಿತ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ, ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದನ್ನೂ, ಪ್ರತಿ ದಿನ ಬೆಳಿಗ್ಗೆ 5ರಿಂದ ರಾತ್ರಿ 11ರೊಳಗೆ ಯಾವ 60 ನಿಮಿಷ ಎಲ್ಲಿ ಖಂಡಿತ ಸಿಗುತ್ತೀರಿ ಎಂಬುದನ್ನೂ ಆಡಮ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ತುಂಬಬೇಕು. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ, ಸಿಗದೆ ಹೋದದ್ದೂ ತಪ್ಪು ವಿವರ ತುಂಬಿದ್ದೂ ಸೇರಿ, ಅದು ನಿಯಮದ ಉಲ್ಲಂಘನೆ. ಮೈಯಲ್ಲಿ ಒಂದು ಚೂರು ಮದ್ದಿಲ್ಲದಿದ್ದರೂ ಎರಡು ವರ್ಷದವರೆಗೆ ನಿಷೇಧ. ಓಟಗಾರ ಕ್ರಿಶ್ಚಿಯನ್ ಕೋಲ್ಮನ್ 100 ಮೀಟರ್‌ನ ವಿಶ್ವ ಚಾಂಪಿಯನ್ ಆಗಿದ್ದಾಗಲೇ ಟೋಕಿಯೊ ಒಲಿಂಪಿಕ್ಸ್ ಕಳೆದುಕೊಂಡದ್ದು ಹೀಗೆ. 2019ರ ಡಿಸೆಂಬರ್‌ನ ಒಂದು ಸಂಜೆ ಅಧಿಕಾರಿ ಮನೆ ಬಾಗಿಲಿಗೆ ಬಂದಾಗ ಅವರು ಹತ್ತಿರದಲ್ಲೇ ಕ್ರಿಸ್‌ಮಸ್ ಶಾಪಿಂಗಿನಲ್ಲಿದ್ದರಂತೆ. ಎರಡು ವರ್ಷದ ನಿಷೇಧ ಮೇಲ್ಮನವಿಯಲ್ಲಿ 18 ತಿಂಗಳಿಗೆ ಇಳಿಯಿತು, ಆದರೂ ಒಲಿಂಪಿಕ್ಸ್ ಹೋಯಿತು. ಮನೆ ಹುಡುಕುವ ಕಾಲದಲ್ಲಿ ಇವತ್ತು ಗೆಸ್ಟ್‌ಹೌಸ್, ನಾಳೆ ಗೆಳೆಯನ ಮನೆ, ನಾಡಿದ್ದು ಹೊಸ ರೂಮು ಎಂದು ಅಲೆಯುವ ಆಟಗಾರರು ಈ ಗುಂಡಿಗೆ ಬೀಳುವುದು ಹೆಚ್ಚು. ಸೂಟ್‌ಕೇಸ್ ಎತ್ತುವ ಮೊದಲು ಫೋನಿನಲ್ಲಿ ವಿಳಾಸ ಬದಲಿಸಿ.

ಇದಕ್ಕೆ ಅಂಟಿಕೊಂಡ ಇನ್ನೊಂದು ಸಂಗತಿ. ಜರ್ಮನಿಯ ವಸತಿ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮನೆ ನಂಬರೇ ಇರುವುದಿಲ್ಲ. ಬೀದಿ, ಕಟ್ಟಡದ ಸಂಖ್ಯೆ, ಅಷ್ಟೇ. ಒಳಗೆ ಯಾರೆಲ್ಲಿದ್ದಾರೆ ಎಂಬುದಕ್ಕೆ ಕಾಲಿಂಗ್ ಬೆಲ್ ಮತ್ತು ಅಂಚೆ ಡಬ್ಬಿಯ ಮೇಲಿನ ಹೆಸರೇ ಗುರುತು. ನಿಮ್ಮ ಹೆಸರಿಲ್ಲದಿದ್ದರೆ ತೆರಿಗೆ ಸಂಖ್ಯೆಯ ಪತ್ರ ವಾಪಸು ಹೋಗುತ್ತದೆ, ಬ್ಯಾಂಕಿನ ಕಾರ್ಡು ವಾಪಸು ಹೋಗುತ್ತದೆ, ಬೆಳಿಗ್ಗೆ ಆರಕ್ಕೆ ಬಂದ ಪರೀಕ್ಷಾ ಅಧಿಕಾರಿ ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ನಿಲ್ಲುತ್ತಾರೆ. ನಾನು ನೋಡಿಕೊಳ್ಳುತ್ತಿದ್ದ ಒಬ್ಬ ಆಟಗಾರನಿಗೆ ಒಂದು ತಪ್ಪು ದಾಖಲಾದದ್ದು ಹೀಗೆಯೇ. ಹುಡುಗ ಒಳಗೆ ನಿದ್ದೆ ಮಾಡುತ್ತಿದ್ದ, ಬೆಲ್ ಮೇಲೆ ಹಿಂದಿನ ಬಾಡಿಗೆದಾರನ ಹೆಸರಿತ್ತು. ಆಮೇಲೆ ಬರೆದ ವಿವರಣೆ, ಕಳಿಸಿದ ಫೋಟೊ, ಏನೂ ನಡೆಯಲಿಲ್ಲ. ಆವತ್ತಿನಿಂದ ನಾನು ಹೊಸ ಮನೆಗೆ ಹೋಗುವ ಆಟಗಾರರ ಜತೆ ಹೋಗಿ ಮೊದಲು ಬೆಲ್‌ಗೆ ಹೆಸರಿನ ಚೀಟಿ ಅಂಟಿಸಿಯೇ ಒಳಗೆ ಕಾಲಿಡುವುದು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಬರೆಯಿರಿ, ಉದ್ದವಾದರೂ ಸರಿ.

ಮುಂಗಡಕ್ಕೆ ಮಿತಿಯಿದೆ. ಕಾಲ್ಟ್‌ಮೀಟೆ ಅಂದರೆ ನೀರು, ಮನೆ ಬಿಸಿ ಮಾಡುವುದು, ಕಸ ಇತ್ಯಾದಿಯ ಖರ್ಚು ಸೇರದ ಬರಿಯ ಬಾಡಿಗೆ. ಅದರ ಮೂರು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ. ಅದನ್ನೂ ಮೂರು ಸಮ ಕಂತಾಗಿ ಕಟ್ಟುವ ಹಕ್ಕು ನಿಮಗಿದೆ, ಮೊದಲ ಕಂತು ಬಾಡಿಗೆ ಶುರುವಾಗುವಾಗ. ಮನೆ ತೋರಿಸಲು ಹಣ ಕೇಳಿದರೆ ಎದ್ದು ಬನ್ನಿ. ದಲ್ಲಾಳಿಯನ್ನು ಮಾಲೀಕರು ಗೊತ್ತುಮಾಡಿದ್ದರೆ ಕಮಿಷನ್ನೂ ಅವರದೇ, 2015ರಿಂದ ಕಾನೂನು ಹಾಗಿದೆ. ಬಾಡಿಗೆಯ ಹೊರತಾಗಿ ರೇಡಿಯೊ ಟಿವಿ ಶುಲ್ಕ ಅಂತ ಮನೆಗೆ ತಿಂಗಳಿಗೆ 18.36 ಯೂರೊ ಬಿಲ್ ಬರುತ್ತದೆ. ನನ್ನ ಹತ್ತಿರ ಟಿವಿಯೇ ಇಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ. ಕಟ್ಟಿಬಿಡಿ.

ನಲವತ್ತು ಮೆಸೇಜಿಗೆ ಮೂರೇ ಕರೆ ಬಂದವು ಅಂದಿರಿ. ಅದಕ್ಕೆ ಬೇಸರ ಬೇಡ. ಮಾಲೀಕರ ಕಣ್ಣಿನಿಂದ ನೋಡಿ: ಸಾಲ ತೀರಿಸುವಿಕೆಯ ಚರಿತ್ರೆ ತೋರಿಸುವ ಶೂಫಾ ವರದಿ ನಿಮ್ಮಲ್ಲಿಲ್ಲ, ಬಂದು ಎರಡು ತಿಂಗಳೂ ಆಗಿಲ್ಲ, ಕೆಲಸ ಜೂನ್‌ವರೆಗೆ ಮಾತ್ರ. ಇದರ ಮೇಲೆ ನೀವು ಮೊದಲ ಸಾಲಿನಲ್ಲೇ ವೃತ್ತಿಪರ ಆಟಗಾರ ಎಂದು ಬರೆದಿರುತ್ತೀರಿ. ನಿಮಗದು ಹೆಮ್ಮೆ. ಅವರಿಗೆ ಕೇಳಿಸುವುದು, ಇಂದು ಇಲ್ಲಿ ನಾಳೆ ಎಲ್ಲೋ, ಇವನ ಸಂಬಳ ಎಷ್ಟೋ. ಹಾಗಾಗಿ ಮೆಸೇಜನ್ನು ತಿರುಗಿಸಿ ಬರೆಯಿರಿ. ಇಂಥ ಕ್ಲಬ್ಬಿನ ಉದ್ಯೋಗಿ, ತಿಂಗಳ ಕೈಗೆ ಬರುವ ಸಂಬಳ ಇಷ್ಟು, ಒಬ್ಬನೇ ಇರುತ್ತೇನೆ, ಸಿಗರೇಟು ಸೇದುವುದಿಲ್ಲ, ಸಾಕುಪ್ರಾಣಿ ಇಲ್ಲ, ವಾರಾಂತ್ಯ ಹೆಚ್ಚಾಗಿ ಊರಲ್ಲಿರುವುದಿಲ್ಲ, ವಿಚಾರಿಸಲು ಕ್ಲಬ್ಬಿನ ಇಂಥವರಿಗೆ ಫೋನ್ ಮಾಡಬಹುದು. ಜರ್ಮನ್‌ನಲ್ಲಿ, ಐದಾರು ಸಾಲು. ಸಹ ಆಟಗಾರರೊಬ್ಬರಿಂದ ತಿದ್ದಿಸಿ. ಉದ್ಯೋಗದ ಒಪ್ಪಂದ, ಸಂಬಳದ ಚೀಟಿ, ಕ್ಲಬ್ಬಿನ ಪತ್ರ ಒಂದೇ ಫೈಲ್‌ನಲ್ಲಿ ಸಿದ್ಧ ಇರಲಿ. ಮನೆ ನೋಡಿದ ದಿನವೇ ಕೊಟ್ಟು ಬರಬೇಕು, ಮಾರನೆಯ ದಿನಕ್ಕೆ ಅದು ಇನ್ನೊಬ್ಬರ ಪಾಲು.

ಕ್ಲಬ್ಬನ್ನು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ ನೀವು. ಮ್ಯಾನೇಜರ್‌ಗೆ ಹೇಳಿ ಸುಮ್ಮನಾಗಿರುತ್ತೀರಿ. ಅವರಿಗೆ ಹತ್ತು ಕೆಲಸ. ಇಲ್ಲಿನ ಕ್ರೀಡಾ ಕ್ಲಬ್ ಎಂದರೆ ಸಂಬಳದ ಆಟಗಾರರಷ್ಟೇ ಅಲ್ಲ, ನೂರಾರು ಸದಸ್ಯರ ಸಂಘ. ಪಂದ್ಯದ ದಿನ ಬಾಗಿಲಲ್ಲಿ ಟಿಕೆಟ್ ಹರಿಯುವವರು, ಮೂಲೆಯಲ್ಲಿ ಕೇಕು ಕಾಫಿ ಮಾರುವ ಹಿರಿಯರು, ನಲವತ್ತು ವರ್ಷದಿಂದ ಅದೇ ಬಡಾವಣೆಯಲ್ಲಿದ್ದವರು. ಮೇಲಿನ ಮಹಡಿ ಖಾಲಿ ಇಟ್ಟುಕೊಂಡು, ಗೊತ್ತಿಲ್ಲದವರಿಗೆ ಕೊಡಲು ಮನಸ್ಸಾಗದೆ ಸುಮ್ಮನಿರುವವರು ಇವರೇ. ನನಗೆ ಗೊತ್ತಿರುವ ಆಟಗಾರರಲ್ಲಿ ಒಳ್ಳೆಯ ಮನೆ ಸಿಕ್ಕವರಿಗೆಲ್ಲ ಹೆಚ್ಚಾಗಿ ಸಿಕ್ಕಿದ್ದು ಆ ಕಾಫಿ ಮೇಜಿನ ಮುಂದೆ. ಮುಂದಿನ ಪಂದ್ಯದ ಬಳಿಕ, ಸೋತರೂ ಸರಿ, ನೇರ ಬಸ್ಸು ಹತ್ತಬೇಡಿ. ಅರ್ಧ ಗಂಟೆ ನಿಂತು ಮಾತಾಡಿ. ಸೋತ ಆಟಗಾರನ ಮೇಲೆ ಅವರಿಗೆ ಇನ್ನೂ ಹೆಚ್ಚು ಅಕ್ಕರೆ.

ಕ್ಲಬ್ಬೇ ತನ್ನ ಹೆಸರಲ್ಲಿ ಮನೆ ಹಿಡಿದು ನಿಮಗೆ ಕೊಡುತ್ತೇನೆ ಅಂದರೆ? ತಕ್ಷಣಕ್ಕೆ ಹಿತವಾದದ್ದು, ಆದರೆ ಕೊನೆಯಲ್ಲಿ ಚುಚ್ಚುತ್ತದೆ. ಒಪ್ಪಂದ ಮುರಿದರೆ ಮನೆಯೂ ಹೋಗಬಹುದು, ಗಾಯವಾಗಿ ಕ್ಲಬ್ಬಿನ ಜತೆ ಜಗಳವಾಡಬೇಕಾದ ಹೊತ್ತಿನಲ್ಲಿ ಅವರೇ ನಿಮ್ಮ ಮಾಲೀಕರಾಗಿರುತ್ತಾರೆ. ಪುಕ್ಕಟೆ ಮನೆಯ ಬೆಲೆ ಸಂಬಳದ ಭಾಗ ಎಂದು ತೆರಿಗೆಗೂ ಸೇರುತ್ತದೆ. ಕರಾರು ನಿಮ್ಮ ಹೆಸರಲ್ಲಿ, ಜಾಮೀನು ಕ್ಲಬ್ಬಿನದು: ಇದು ನನಗೆ ಹೆಚ್ಚು ಸರಿ ಕಾಣುತ್ತದೆ.

ಮನೆ ನೋಡಲು ಹೋದಾಗ ಏನು ನೋಡಬೇಕು ಎಂಬುದಕ್ಕೆ ಉದ್ದ ಪಟ್ಟಿ ಕೊಡುವವರು ಬಹಳ. ಆಟಗಾರನಿಗೆ ಬೇಕಾದ್ದು ಬೇರೆ. ಕಿಟಕಿಗೆ ಹೊರಗಿನಿಂದ ಇಳಿಸುವ ಶಟರ್ ಇದೆಯೇ? ಜೂನ್‌ನಲ್ಲಿ ಇಲ್ಲಿ ಬೆಳಿಗ್ಗೆ ಐದೂಕಾಲಿನ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ, ರಾತ್ರಿ ಹತ್ತರ ಹತ್ತಿರ ಮುಳುಗುತ್ತಾನೆ. ಕತ್ತಲಾಗದ ಕೋಣೆಯಲ್ಲಿ ಸೀಸನ್ನಿನ ಕೊನೆಯ ಪಂದ್ಯಗಳ ಹಿಂದಿನ ರಾತ್ರಿ ಕಳೆಯಬೇಕಾಗುತ್ತದೆ. ಹಳೆಯ ಊರಿನ ಮದ್ಯದಂಗಡಿ ಬೀದಿಗಳ ಪಕ್ಕ ಬೇಡವೇ ಬೇಡ, ಶುಕ್ರವಾರ ರಾತ್ರಿ ಹೋಗಿ ಕೇಳಿಸಿಕೊಂಡರೆ ಗೊತ್ತಾಗುತ್ತದೆ. ಉತ್ತರದ ಲೋಹೌಸೆನ್ ಕಡೆ ವಿಮಾನ ನಿಲ್ದಾಣ, ಬೆಳಗಿನ ಮೊದಲ ವಿಮಾನ ನಿಮ್ಮ ಅಲಾರಮ್ಮಿಗಿಂತ ಮುಂಚೆ ಎಬ್ಬಿಸುತ್ತದೆ.

ಇನ್ನೊಂದು, ಊರುಗೋಲು ಹಿಡಿದು ಈ ಮನೆಯಲ್ಲಿ ಇರಲು ಆಗುತ್ತದೆಯೇ ಎಂದು ಯೋಚಿಸಿ. ಅಪಶಕುನ ನುಡಿಯುತ್ತಿಲ್ಲ. ಎತ್ತರದ ಚಾವಣಿಯ ಹಳೆ ಕಟ್ಟಡಗಳು ನೋಡಲು ಬಲು ಚೆಂದ, ಲಿಫ್ಟ್ ಇರುವುದಿಲ್ಲ. ನಾಲ್ಕನೇ ಮಹಡಿಗೆ ಎಂಬತ್ತು ಮೆಟ್ಟಿಲು. ಪಾದ ಉಳುಕಿದ ಆಟಗಾರನೊಬ್ಬ ಮೂರು ವಾರ ಹಾಲಿನ ಪ್ಯಾಕೆಟ್ಟಿಗೂ ಕೆಳಗಿನ ಮನೆಯವರನ್ನು ಕಾಯುತ್ತಿದ್ದುದನ್ನು ನೋಡಿದ್ದೇನೆ. ನಿಮ್ಮ ಸಣ್ಣ ಮನೆ ಎಷ್ಟನೇ ಮಹಡಿ ಅಂತ ಬರೆದಿಲ್ಲ. ಎರಡರೊಳಗಿದ್ದರೆ ಸಂತೋಷ.

ಒಳಗೆ ಹೋದ ಮೇಲೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ, ಭಾನುವಾರ ಇಡೀ ದಿನ. ಸ್ಕಿಪ್ಪಿಂಗ್ ಹಗ್ಗ, ಗೋಡೆಗೆ ಚೆಂಡು ಹೊಡೆಯುವ ಅಭ್ಯಾಸ ಎರಡನ್ನೂ ಹಾಲ್‌ಗೆ ಬಿಟ್ಟುಬನ್ನಿ. ಕೆಳಗಿನವರಿಗೆ ಆ ಟಕ್ ಟಕ್ ಹುಚ್ಚು ಹಿಡಿಸುತ್ತದೆ. ದಿನಕ್ಕೆ ನಾಲ್ಕು ಜರ್ಸಿ ಒದ್ದೆಯಾಗುವ ನೀವು ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಒಳಗೇ ಒಣಹಾಕಿದರೆ ಜನವರಿಗೆ ಗೋಡೆಮೂಲೆಯಲ್ಲಿ ಕಪ್ಪು ಬೂಸ್ಟು, ಮನೆ ಬಿಡುವಾಗ ಮುಂಗಡದಿಂದ ಕಡಿತ. ದಿನಕ್ಕೆ ಎರಡು ಮೂರು ಸಲ ಕಿಟಕಿಯನ್ನು ಪೂರ್ತಿ ತೆರೆದು ಐದು ಹತ್ತು ನಿಮಿಷ ಗಾಳಿ ಆಡಿಸಿ ಮುಚ್ಚಬೇಕು. ಕರಾರಿನಲ್ಲೇ ಇದನ್ನು ಬರೆದಿರುತ್ತಾರೆ, ನಗಬೇಡಿ. ಕೀ ಪಡೆಯುವ ದಿನ ಪ್ರತಿ ಕೋಣೆಯ ಫೋಟೊ, ಮೀಟರ್‌ಗಳ ಅಂಕಿ, ಗೋಡೆಯ ಪ್ರತಿ ಗೀರು, ಎಲ್ಲ ಹಸ್ತಾಂತರದ ಕಾಗದದಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ ಎಂಬುದನ್ನು ಈಗಾಗಲೇ ಅನುಭವಿಸಿರುತ್ತೀರಿ. ಶನಿವಾರ ಪ್ರಯಾಣ, ಭಾನುವಾರ ಪಂದ್ಯ ಎನ್ನುವ ವಾರಗಳಲ್ಲಿ ಶುಕ್ರವಾರವೇ ಫ್ರಿಜ್ ತುಂಬಿಸಿ. ಮರೆತರೆ ಮುಖ್ಯ ರೈಲು ನಿಲ್ದಾಣದ ಅಂಗಡಿ ತೆರೆದಿರುತ್ತದೆ. ಅಲ್ಲಿಂದ ನಡೆದುಹೋಗುವಷ್ಟು ಹತ್ತಿರ ಇಮ್ಮರ್‌ಮನ್ ಬೀದಿ, ಜಪಾನೀಯರ ಅಂಗಡಿಗಳ ಸಾಲು. ಅಕ್ಕಿ ಮತ್ತು ಅನ್ನದ ಕುಕ್ಕರ್ ಅಲ್ಲಿ ಸಿಗುತ್ತವೆ. ಪೀಠೋಪಕರಣ ಸಮೇತದ ಮನೆಗೆ ನೀವು ಕೊಳ್ಳಬೇಕಾದದ್ದು ಬಹುಶಃ ಆ ಕುಕ್ಕರ್ ಮತ್ತು ಒಂದು ಒಳ್ಳೆಯ ದಿಂಬು ಮಾತ್ರ. ಹಾಸಿಗೆ ಬೆನ್ನಿಗೆ ಹಿಡಿಸದಿದ್ದರೆ ಮಾತ್ರ ಮಾಲೀಕರ ಒಪ್ಪಿಗೆ ಪಡೆದು ಬದಲಾಯಿಸಿ, ಆ ಖರ್ಚಿಗೆ ಹಿಂದೆ ಮುಂದೆ ನೋಡಬೇಡಿ.

ಸೋತ ಮೂರು ಪಂದ್ಯಗಳ ಬಗ್ಗೆ. ನೀವು ಅದನ್ನು ಮನೆಯ ವಿಷಯದ ಕೊನೆಗೆ ಸಿಕ್ಕಿಸಿದ್ದೀರಿ, ಆದರೆ ನನಗನ್ನಿಸುವಂತೆ ಇಡೀ ಪತ್ರ ಅದರ ಬಗ್ಗೆಯೇ. ಕೋಚ್ ಹತ್ತಿರ ಹೋಗಿ ಮನೆ ಇಲ್ಲ, ನಿದ್ದೆ ಇಲ್ಲ ಎಂದು ಹೇಳಿದ್ದೀರಾ? ಹೆಚ್ಚಿನ ಹುಡುಗರು ಹೇಳುವುದಿಲ್ಲ, ನೆಪ ಹೇಳಿದಂತಾಗುತ್ತದೆ ಎಂಬ ಸಂಕೋಚ. ಕೋಚ್‌ಗೆ ಕಾಣುವುದು ನಿಧಾನವಾದ ಕಾಲು ಮಾತ್ರ, ಅದಕ್ಕೆ ಅವರು ಇನ್ನಷ್ಟು ಡ್ರಿಲ್ ಕೊಡುತ್ತಾರೆ, ನೀವು ಇನ್ನಷ್ಟು ದಣಿಯುತ್ತೀರಿ. ಹೇಳಿ. ಎರಡು ಮಧ್ಯಾಹ್ನ ಬಿಡುವು ಕೇಳಿ, ಮನೆಯ ಕೆಲಸವನ್ನು ಆ ಎರಡು ಮಧ್ಯಾಹ್ನಕ್ಕೆ ಕಟ್ಟಿಹಾಕಿ. ಉಳಿದ ಹೊತ್ತು ಮನೆ ಜಾಹೀರಾತಿನ ಆ್ಯಪ್ ತೆರೆಯಬೇಡಿ. ಹಾಸಿಗೆಯಲ್ಲಿ ಮಲಗಿ ರಾತ್ರಿ ಹನ್ನೊಂದಕ್ಕೆ ಬಾಡಿಗೆ ಮನೆಗಳ ಫೋಟೊ ಸರಿಸುವುದಕ್ಕಿಂತ ನಿದ್ದೆಗೆ ಕೆಟ್ಟದ್ದು ಕಡಿಮೆ. ಗೆಸ್ಟ್‌ಹೌಸನ್ನು ಇನ್ನೆರಡು ವಾರ ಮುಂದುವರಿಸಿ ಎಂದು ಮ್ಯಾನೇಜರ್‌ಗೆ ಬರೆದೇ ಕೇಳಿ. ಮಾತಿನಲ್ಲಿ ಕೇಳಿದ್ದು ಮರೆತುಹೋಗುತ್ತದೆ.

ಸಣ್ಣ ಮನೆಯ ಕರಾರನ್ನು ಜೂನ್‌ವರೆಗೆ ಮಾಡಿಕೊಳ್ಳಿ. ಆದರೆ ಅವಧಿ ಗೊತ್ತುಪಡಿಸಿದ ಕರಾರನ್ನು ನಡುವೆ ಮುರಿಯಲು ಆಗುವುದಿಲ್ಲ. ಕ್ಲಬ್ ಬದಲಾದರೆ ಇಷ್ಟು ದಿನದ ನೋಟಿಸಿಗೆ ಬಿಡಬಹುದು ಎಂಬ ಒಂದು ಸಾಲನ್ನು ಸಹಿಗೆ ಮೊದಲೇ ಸೇರಿಸಲು ಕೇಳಿ. ಅನೇಕರು ಒಪ್ಪುತ್ತಾರೆ. ಮುಂದಿನ ಸೀಸನ್ನೂ ಇಲ್ಲೇ ಎಂದಾದರೆ ದೊಡ್ಡ ಮನೆಯ ಹುಡುಕಾಟವನ್ನು ಏಪ್ರಿಲ್‌ನಲ್ಲಿ, ಕಾಫಿ ಮೇಜಿನ ಹಿರಿಯರು ನಿಮ್ಮನ್ನು ಹೆಸರು ಹಿಡಿದು ಕರೆಯುವ ಹೊತ್ತಿಗೆ ಶುರುಮಾಡಿ.

ಅಮ್ಮ ಎರಡು ವಾರ ಬಂದಿರಲು ಮಾಲೀಕರ ಅನುಮತಿ ಬೇಕಿಲ್ಲ. ಅತಿಥಿಗಳು ಕೆಲವು ವಾರ ಇರುವುದು ಬಾಡಿಗೆದಾರನ ಹಕ್ಕೇ, ಮೊದಲೇ ಒಂದು ಮಾತು ಹೇಳಿದರೆ ಮರ್ಯಾದೆ. ಒಂದೇ ಕೋಣೆ ಎಂದು ಚಿಂತಿಸಬೇಡಿ, ಅವರಿಗೆ ಹಾಸಿಗೆ ಬಿಟ್ಟುಕೊಟ್ಟು ನೀವು ಮಡಚುವ ಹಾಸಿಗೆಯಲ್ಲಿ ಮಲಗುವ ಯೋಚನೆಯನ್ನು ಮಾತ್ರ ಬಿಡಿ. ಪಂದ್ಯದ ವಾರವಾದರೆ ಮಡಚುವ ಹಾಸಿಗೆ ಅವರಿಗೇ, ಬೇಜಾರು ಮಾಡಿಕೊಳ್ಳುವುದಿಲ್ಲ. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ನೀವು ಪ್ರಾಕ್ಟೀಸಿಗೆ ಹೋದಾಗ ಅವರು ಒಬ್ಬರೇ ಹೊರಗೆ ಹೋಗಿ ಬರಲು ಇನ್ನೊಂದು ಕೀ ಬೇಕಾಗುತ್ತದೆ. ಇಲ್ಲಿನ ಬಾಗಿಲುಗಳು ಎಳೆದುಕೊಂಡರೆ ಹೊರಗಿನಿಂದ ತೆರೆಯುವುದಿಲ್ಲ, ಭಾನುವಾರ ಕರೆಸಿದ ಬೀಗದವನು ಕೇಳುವ ಹಣಕ್ಕೆ ಒಂದು ಜೊತೆ ಒಳ್ಳೆಯ ಶೂ ಬರುತ್ತದೆ. ಎಷ್ಟೋ ಕಟ್ಟಡಗಳ ಕೀಗಳನ್ನು ಮಾಲೀಕರ ಕಾರ್ಡ್ ಇಲ್ಲದೆ ನಕಲು ಮಾಡಿಸಲೂ ಆಗದು. ಕರಾರಿಗೆ ಸಹಿ ಹಾಕುವ ದಿನವೇ ಎರಡು ಕೀ ಕೇಳಿ ತೆಗೆದುಕೊಳ್ಳಿ.